ಬೇವಿನ ಕಹಿ ಮತ್ತು ವಿವೇಕ

ಯುಗಾದಿಯಂದು ಬೇವು-ಬೆಲ್ಲ ಸವಿಯದ ಮನೆ ಕೃಷ್ಣಾತೀರದ ಜುಗೂಳದ ಕಡೆ ವಿರಳ. ಬಿಳಿಯ ಕಿರುಹೂಗಳ ಗೊಂಚಲು ತಳೆವ ಈ ಮರವನ್ನು ಹಿರಿಯರು ಅಂಗಳದ ವೈದ್ಯನೆಂದೇ ಬಗೆದರು. ಅದರ ಕಡ್ಡಿಯಿಂದ ಹಲ್ಲುಜ್ಜಿದರು, ಕಾಳಿನ ನಡುವೆ ಎಲೆಯಿಟ್ಟರು.

ಈ ಅನುಭವಕ್ಕೆ ರಸಾಯನಶಾಸ್ತ್ರವು ಕಾರಣವನ್ನು ಅರಸಿತು. 1942ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿಯವರು ಬೇವಿನೆಣ್ಣೆಯಿಂದ ನಿಂಬಿನ್ ಎಂಬ ಕಹಿದ್ರವ್ಯವನ್ನು ಬೇರ್ಪಡಿಸಿದರು. 1968ರಲ್ಲಿ ಬೀಜದಿಂದ ಅಜಾಡಿರಾಕ್ಟಿನ್ ದೊರೆಯಿತು. ಅದು ಕೀಟದ ಹಸಿವನ್ನಡಗಿಸಿ, ಪೊರೆ ಕಳಚಿ ಬೆಳೆಯುವ ಕ್ರಿಯೆಯನ್ನೇ ಕೆಡಿಸುತ್ತದೆ. ಗೆಡುನಿನ್ ಎಂಬ ಇನ್ನೊಂದು ಘಟಕವು ಪ್ರನಾಳದಲ್ಲಿ ಮಲೇರಿಯಾ ಜೀವಿಯನ್ನು ತಡೆಯುತ್ತದೆ. ಆದರೆ ಪ್ರನಾಳದಲ್ಲಿ ಗೆದ್ದುದೆಲ್ಲವೂ ರೋಗಿಯ ದೇಹದಲ್ಲಿ ಗೆಲ್ಲುವುದೆಂದಿಲ್ಲ.

ಇಲ್ಲಿಯೇ ವಿವೇಕ ಬೇಕು. ಹಸುಗೂಸುಗಳಿಗೆ ಬೇವಿನೆಣ್ಣೆ ಕುಡಿಸಿದ್ದರಿಂದ ಸೆಳವು, ಯಕೃತ್ತಿನ ಹಾನಿ, ಮರಣವೂ ಸಂಭವಿಸಿದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ. ಮರ ಪೂಜ್ಯವೆಂದ ಮಾತ್ರಕ್ಕೆ ಅದರ ಎಣ್ಣೆ ನಿರಪಾಯವಾಗದು. ಹಾಗೆಂದು ಪರಂಪರೆಯನ್ನು ತಿರಸ್ಕರಿಸುವುದೂ ಅವಿವೇಕವೇ. ಬೇವಿನೆಣ್ಣೆಯಿಂದ ಬೂಷ್ಟು ತಡೆಯುವ ವಿಧಾನಕ್ಕೆ ಯುರೋಪಿನಲ್ಲಿ 1994ರಲ್ಲಿ ದೊರೆತ ಪೇಟೆಂಟ್ 2000ದಲ್ಲಿ ರದ್ದಾಯಿತು. 2005ರಲ್ಲಿ ಆ ತೀರ್ಪು ಸ್ಥಿರಗೊಂಡಿತು. ಅದು ಹೊಸ ಶೋಧವಲ್ಲವೆಂದು ಅಲ್ಲಿ ಹೇಳಿದರಷ್ಟೇ ಸಾಲದೆ, ಸಾಕ್ಷ್ಯಸಮೇತ ತೋರಿಸಬೇಕಾಯಿತು.

ಆದ್ದರಿಂದ ಹಳ್ಳಿಯ ವಿದ್ಯಾರ್ಥಿಯು ಅಜ್ಜಿಯ ಮದ್ದನ್ನು ಕೇಳಿ ಬರೆದಿಡಲಿ; ಯಾವ ಭಾಗ, ಎಷ್ಟು ಪ್ರಮಾಣ, ಯಾರಿಗೆ ಎಂಬುದನ್ನು ಗುರುತಿಸಲಿ; ಪರೀಕ್ಷೆಗೊಳಪಡದುದನ್ನು ಔಷಧವೆನ್ನದಿರಲಿ. ನಂಬಿಕೆಯು ಪ್ರಶ್ನೆಯನ್ನು ಕೊಡಬಲ್ಲುದು. ಉತ್ತರವನ್ನು ಪ್ರಯೋಗವೇ ಕೊಡಬೇಕು. ಬೇವು ಕಲಿಸುವ ಹಿತವಾದ ಕಹಿಯೂ ಇದೇ.