ಸೋಗಾನೆಗೆ ಇಳಿದವರು ಜೋಗಿಮಟ್ಟಿಗೂ ಬರಲಿ

2023ರ ಏಪ್ರಿಲ್ 2ರ ಬೆಳಗ್ಗೆ 7 ಗಂಟೆ 10 ನಿಮಿಷಕ್ಕೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರೊಂದು ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಏರೋನಾಟಿಕಲ್ ಟೆಸ್ಟ್ ರೇಂಜ್‌ನಿಂದ ಮೇಲೆದ್ದಿತು. ಅದರ ಹೊಟ್ಟೆಯಡಿ ತೂಗುಬಿದ್ದಿದ್ದು ಇಸ್ರೊದ ರೆಕ್ಕೆಯ ವಾಹನ. ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಹೋದ ಮೇಲೆ ಹೆಲಿಕಾಪ್ಟರ್ ಅದನ್ನು ಕೈಬಿಟ್ಟಿತು. ಒಳಗೆ ಪೈಲಟ್ ಇಲ್ಲ. ಆದರೂ ಆ ವಾಹನ ತನ್ನ ದಾರಿ ತಾನೇ ಹುಡುಕಿಕೊಂಡು 7.40ಕ್ಕೆ ರನ್‌ವೇ ಮೇಲೆ ಇಳಿದು ನಿಂತಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ಇದೇ ಪ್ರಯೋಗ ಮತ್ತೆರಡು ಸಲ ಗೆದ್ದಿತು. ಮುಂದೊಂದು ದಿನ ಬಾಹ್ಯಾಕಾಶಕ್ಕೆ ಹೋಗಿಬರಬೇಕಾದ ವಾಹನ ಚಿತ್ರದುರ್ಗ ಜಿಲ್ಲೆಯ ನೆಲದಲ್ಲಿ ಇಳಿಯುವುದನ್ನು ಕಲಿತದ್ದು ಹೀಗೆ.

ಅದೇ ಜಿಲ್ಲೆಗೆ ಪ್ರಯಾಣಿಕರ ವಿಮಾನ ಬರುವುದಿಲ್ಲ. ಕುದಾಪುರದ ಆ ರನ್‌ವೇ ರಕ್ಷಣಾ ಸಂಶೋಧನೆಗೆ ಮೀಸಲು. ಅಲ್ಲಿ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಅತ್ತ ಶಿವಮೊಗ್ಗಕ್ಕೆ ವಿಮಾನ ಬಂತು, ಇತ್ತ ಬಳ್ಳಾರಿ ಸೀಮೆಯ ತೋರಣಗಲ್ಲಿನಲ್ಲಿ ನಿಲ್ದಾಣವಿದೆ, ದಾವಣಗೆರೆಯವರು ತಮಗೊಂದು ಬೇಕೆಂದು ಕೇಳುತ್ತಿದ್ದಾರೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣ ಶಿರಾದ ಬಳಿಯೇ ಆಗಲಿ ಎಂದು ಅಲ್ಲಿನ ಶಾಸಕ ಟಿ.ಬಿ. ಜಯಚಂದ್ರ ಒತ್ತಾಯಿಸುತ್ತ ಬಂದಿದ್ದಾರೆ. ನಡುವೆ ಸಿಕ್ಕ ದುರ್ಗದ ಜನ ‘ನಮಗೇನು ಬಂತು?’ ಎಂದು ಕೇಳಿದರೆ ಆ ಪ್ರಶ್ನೆಯಲ್ಲಿ ನ್ಯಾಯವಿದೆ. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗೆ ಕಾದವರು ಅವರು. 2011-12ರಲ್ಲಿ ಮಂಜೂರಾದ ತುಮಕೂರು-ದಾವಣಗೆರೆ ನೇರ ರೈಲು ಮಾರ್ಗಕ್ಕೆ ಹತ್ತು ವರ್ಷಕ್ಕೂ ಮೇಲೆ ಕಾದವರೂ ಅವರೇ.

ಆದರೂ ಚಿತ್ರದುರ್ಗ ಕೇಳಬೇಕಾದದ್ದು ಹೊಸ ವಿಮಾನ ನಿಲ್ದಾಣವನ್ನಲ್ಲ. ಬಾಗಿಲು ಈಗಾಗಲೇ ಹತ್ತಿರದಲ್ಲಿದೆ. ಬಾಗಿಲಿನಿಂದ ಮನೆಯೊಳಕ್ಕೆ ಬರುವ ದಾರಿಯನ್ನು ಜಿಲ್ಲೆ ಕೇಳಬೇಕು.

ಆ ಬಾಗಿಲು ಶಿವಮೊಗ್ಗದ ಸೋಗಾನೆಯಲ್ಲಿದೆ. ರಾಷ್ಟ್ರಕವಿ ಕುವೆಂಪು ಅವರ ಹೆಸರು ಹೊತ್ತ ಈ ನಿಲ್ದಾಣವನ್ನು 2023ರ ಫೆಬ್ರುವರಿ 27ರಂದು ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂತು. ಆಮೇಲೆ ಹೈದರಾಬಾದ್, ತಿರುಪತಿ, ಗೋವಾ ಕಡೆಗೂ ವಿಮಾನಗಳು ಹಾರಿದವು. ಸುಮಾರು 450 ಕೋಟಿ ರೂಪಾಯಿ ವೆಚ್ಚದ ಈ ನಿಲ್ದಾಣಕ್ಕೆ 3.2 ಕಿಲೋಮೀಟರ್ ಉದ್ದದ ರನ್‌ವೇ ಇದೆ; ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಇದೇ ಉದ್ದದ್ದು. ಅದನ್ನು ಕಟ್ಟಿದಾಗ ಎಲ್ಲರ ಬಾಯಲ್ಲಿದ್ದದ್ದು ಜೋಗ, ಆಗುಂಬೆ, ಸಕ್ರೆಬೈಲು. ಮಲೆನಾಡಿನ ಹೆಬ್ಬಾಗಿಲು ಎಂದೇ ಅದನ್ನು ಕರೆದರು. ಪೂರ್ವದ ಕಡೆ ಯಾರೂ ಅಷ್ಟಾಗಿ ತಿರುಗಿ ನೋಡಲಿಲ್ಲ. ಹಳೆಯ 13ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಶಿವಮೊಗ್ಗದಿಂದ ಹೊರಟರೆ ಹೊಳಲ್ಕೆರೆ ದಾಟಿ ನೂರು ಕಿಲೋಮೀಟರ್ ಆಸುಪಾಸಿಗೆ ಚಿತ್ರದುರ್ಗ ಸಿಗುತ್ತದೆ. ಅಡಿಕೆ ತೋಟಗಳ ಹಸಿರು ತೆಳುವಾಗುತ್ತ ಹೋಗಿ, ಬಂಡೆಗುಡ್ಡಗಳು ಒಂದೊಂದೇ ತಲೆ ಎತ್ತಿ, ಬೆಟ್ಟದ ನೆತ್ತಿಯಲ್ಲಿ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಮಲೆನಾಡು ಮುಗಿದು ಬಯಲುಸೀಮೆ ಶುರುವಾಗಿರುತ್ತದೆ. ಎರಡು ಗಂಟೆಯೊಳಗೆ ಎರಡು ಸೀಮೆ ಕಾಣಿಸುವ ರಸ್ತೆ ಅದು.

ಬಯಲುಸೀಮೆಯಲ್ಲಿ ನೋಡಲು ಏನಿದೆ ಎಂದು ಕೇಳುವವರನ್ನು ಮೊದಲು ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಗೆ ಕರೆದೊಯ್ಯಬೇಕು. ಐಮಂಗಲದ ಹತ್ತಿರದ ಈ ಊರಿನ ಬಂಡೆಗಳು ದೂರದಿಂದ ರಾಗಿ ಮೂಟೆ ಪೇರಿಸಿದಂತೆ ಕಾಣುತ್ತವೆ. ಹತ್ತಿರ ಹೋಗಿ ಕೂತು ನೋಡಿದರೆ ಪ್ರತಿ ಮೂಟೆಯ ಬೆನ್ನು ದುಂಡಗೆ ಉಬ್ಬಿದೆ. ಅಡಿಭಾಗ ಮಾತ್ರ ಕೆಳಗಿನ ಎರಡು ಮೂಟೆಗಳ ಸಂದಿಗೆ ಸರಿಯಾಗಿ ಕಚ್ಚಿಕೊಂಡು ಚೂಪಾಗಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಇಲ್ಲಿ ನೀರಿತ್ತು. ನೀರಿನಡಿಯಲ್ಲಿ ನೆಲ ಬಿರಿದು ಶಿಲಾರಸ ಉಕ್ಕಿತು. ಹೊರಮೈ ತಣ್ಣೀರಿಗೆ ಸೋಕಿ ತಕ್ಷಣ ಗಟ್ಟಿಯಾದರೆ, ಒಳಗಿನ ಬಿಸಿರಸ ಆ ಚರ್ಮವನ್ನು ದಿಂಬಿನಂತೆ ಉಬ್ಬಿಸಿತು. ಇನ್ನೂ ಮೆತ್ತಗಿದ್ದ ದಿಂಬು ಕೆಳಗಿನದರ ಮೇಲೆ ಕೂತು ಅದರ ಆಕಾರಕ್ಕೆ ಒಗ್ಗಿಕೊಂಡಿತು. ಆ ಚೂಪು ತುದಿ ಯಾವ ಕಡೆಗಿದೆ ಎಂದು ನೋಡಿಯೇ ಭೂವಿಜ್ಞಾನಿಗಳು ಅಂದಿನ ತಳ ಯಾವುದು, ಮೇಲು ಯಾವುದು ಎಂದು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ 1976ರಲ್ಲಿ ಈ ದಿಂಬುಕಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿತು. ಹತ್ತಿರದಲ್ಲೇ ಪುಣೆ-ಬೆಂಗಳೂರು ಹೆದ್ದಾರಿ ಇದೆ. ದಿನವೂ ಸಾವಿರಾರು ವಾಹನಗಳು ಅದರ ಮೇಲೆ ಓಡುತ್ತವೆ. ಅವುಗಳಲ್ಲಿ ಮರಡಿಹಳ್ಳಿಗೆ ತಿರುಗುವವು ಎಷ್ಟು?

ಅಲ್ಲಿಂದ ದಕ್ಷಿಣಕ್ಕೆ ವಾಣಿವಿಲಾಸ ಸಾಗರ. ಊರವರ ಬಾಯಲ್ಲಿ ಇಂದಿಗೂ ಮಾರಿಕಣಿವೆ. ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ವೇದಾವತಿಯನ್ನು ತಡೆದು 1898ರಲ್ಲಿ ಶುರು ಮಾಡಿದ ಅಣೆಕಟ್ಟೆ 1907ರಲ್ಲಿ ಮುಗಿಯಿತು. 30 ಟಿಎಂಸಿ ನೀರು ಹಿಡಿಯುವ ಈ ಜಲಾಶಯದ ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೂ ಚಾಚಿದೆ. ಕಟ್ಟಿದ ಮೇಲೆ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಸಲ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಜ್ಜ ಕಂಡದ್ದನ್ನು ಮಗ ಕಾಣಲಿಲ್ಲ, ಮೊಮ್ಮಗ ಮುಪ್ಪಿನಲ್ಲಿ ಕಂಡ. 2022ರ ಸೆಪ್ಟೆಂಬರಿನಲ್ಲಿ ಕೋಡಿಯ ನೀರು ನೋಡಲು ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಕಡೆಯ ಜನ ಬೈಕು, ಟ್ರ್ಯಾಕ್ಟರು ಹತ್ತಿ ಬಂದರು. ಮಳೆಯ ಜತೆಗೆ ಭದ್ರೆಯ ನೀರೂ ಸೇರಿದ್ದರಿಂದ 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು. ನೀರಿಲ್ಲದ ಸೀಮೆಯಲ್ಲಿ ತುಂಬಿದ ಜಲಾಶಯ ಎಂದರೆ ಏನು ಎಂಬುದು ಜೋಗ ನೋಡಿ ಬಂದವರಿಗೂ ಇಲ್ಲಿ ಹೊಸದಾಗಿ ಅರ್ಥವಾಗುತ್ತದೆ.

ಜೋಗಿಮಟ್ಟಿ ದುರ್ಗದ ಊರಿಗೇ ಅಂಟಿಕೊಂಡಂತಿರುವ ಕಾಡು. ಕರಡಿ, ಚಿರತೆ, ಕೊಂಡುಕುರಿ ಇರುವ ಈ ಒಣಕಾಡು ಈಗ ವನ್ಯಜೀವಿ ಧಾಮ. ತಪ್ಪಲಿನಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯ, ಒಳಗೆ ಹಿಮವತ್ಕೇದಾರದ ಒರತೆ. ಊರಿನ ಇನ್ನೊಂದು ಬದಿಗೆ ಚಂದ್ರವಳ್ಳಿಯ ಕೆರೆ, ಕದಂಬ ಮಯೂರಶರ್ಮನ ಬಂಡೆಶಾಸನ. ಹೊಳಲ್ಕೆರೆಯಲ್ಲಿ ಬಯಲು ಗಣಪತಿ, ಹೊಸದುರ್ಗದ ಕಡೆ ಹಾಲುರಾಮೇಶ್ವರದ ಕೊಳ. ಏಳುಸುತ್ತಿನ ಕೋಟೆ ಎಲ್ಲರಿಗೂ ಗೊತ್ತು. ಕೋಟೆ ನೋಡಿ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು, ಮಧ್ಯಾಹ್ನದೊಳಗೆ ಬಸ್ಸು ಹತ್ತುವವರನ್ನು ಇನ್ನೆರಡು ದಿನ ಉಳಿಸಿಕೊಳ್ಳಬೇಕಾದ ಸರಕು ಈ ನಾಲ್ಕು ತಾಲ್ಲೂಕುಗಳಲ್ಲಿ ಹರಡಿ ಬಿದ್ದಿದೆ.

ಹಾಗಿದ್ದರೆ ಸ್ವಂತ ನಿಲ್ದಾಣವೇ ಏಕೆ ಬೇಡ? ಲೆಕ್ಕ ನೋಡೋಣ. ಸಣ್ಣ ಊರುಗಳಿಗೆ ವಿಮಾನ ಒದಗಿಸುವ ‘ಉಡಾನ್’ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲಿನಲ್ಲಿ ಶಿಮ್ಲಾ-ದೆಹಲಿ ನಡುವೆ ಹಾರಿತು. ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬ ಮಾತು ಹಳ್ಳಿಹಳ್ಳಿಯ ಚಹಾ ಅಂಗಡಿಗೂ ತಲುಪಿತ್ತು. ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬಿಕೊಡುವುದು ಯೋಜನೆಯ ಕ್ರಮ. 2023ರಲ್ಲಿ ಮಹಾಲೇಖಪಾಲರು ಲೆಕ್ಕ ತೆಗೆದಾಗ ಮೊದಲ ಮೂರು ಹಂತಗಳಲ್ಲಿ ಹಂಚಿಕೆಯಾದ 774 ಮಾರ್ಗಗಳ ಪೈಕಿ 403ರಲ್ಲಿ ವಿಮಾನ ಹಾರಾಟ ಶುರುವೇ ಆಗಿರಲಿಲ್ಲ. ಶುರುವಾದವುಗಳಲ್ಲಿ ಮೂರು ವರ್ಷ ಪೂರೈಸಿದ್ದು 112. ನೆರವು ನಿಂತ ಮೇಲೂ ಬದುಕಿದ್ದು ಬರೀ 54. ಸಿಕ್ಕಿಂನ ಪಾಕ್ಯೋಂಗ್ ನಿಲ್ದಾಣ ಹಿಮಾಲಯದ ಮಡಿಲಲ್ಲೇ ಇದೆ, 2018ರಲ್ಲಿ ದೊಡ್ಡ ಸಂಭ್ರಮದೊಡನೆ ತೆರೆಯಿತು, ವರ್ಷ ತುಂಬುವುದರೊಳಗೆ ವಿಮಾನ ನಿಂತಿತು. ನೋಡುವ ತಾಣ ಪಕ್ಕದಲ್ಲಿದ್ದ ಮಾತ್ರಕ್ಕೆ ನಿಲ್ದಾಣ ಉಳಿಯುವುದಿಲ್ಲ. ಹಂಪಿಗೆ ಸುಮಾರು 40 ಕಿಲೋಮೀಟರ್ ದೂರದ ತೋರಣಗಲ್ಲಿನ ನಿಲ್ದಾಣಕ್ಕೆ ಬೆನ್ನೆಲುಬಾಗಿ ಅಲ್ಲಿನ ಉಕ್ಕಿನ ಕಾರ್ಖಾನೆಯಿದೆ. ಚಿತ್ರದುರ್ಗದಲ್ಲಿ ಅಂಥ ಕಾರ್ಖಾನೆಯಿಲ್ಲ. ಬೆಂಗಳೂರು ರಸ್ತೆಯಲ್ಲಿ 200 ಕಿಲೋಮೀಟರ್. ಅಷ್ಟು ದೂರಕ್ಕೆ ವಿಮಾನ ಹತ್ತುವವರು ವಾರಕ್ಕೆಷ್ಟು ಮಂದಿ ಸಿಕ್ಕಾರು?

ಇನ್ನೊಂದು ಲೆಕ್ಕ ಇದಕ್ಕಿಂತ ಭಾರವಾದದ್ದು. ಅದು ನೆಲದ್ದು.

ಚಳ್ಳಕೆರೆಯ ಆ ರನ್‌ವೇ ಎದ್ದದ್ದು ಅಮೃತಮಹಲ್ ಕಾವಲಿನ ಮೇಲೆ. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯ ದನಗಳಿಗೆ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ ಮೇಲೂ, ಮೇಯಲು ಬಿಟ್ಟ ಹುಲ್ಲುಗಾವಲು ಇವು. ರಕ್ಷಣಾ ಸಂಶೋಧನಾ ಸಂಸ್ಥೆಗೆ 4,290 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಅಣುಶಕ್ತಿ ಮತ್ತು ಬಾಹ್ಯಾಕಾಶ ಸಂಸ್ಥೆಗಳಿಗೆ ಇನ್ನಷ್ಟು ಭೂಮಿ ಹೋಯಿತು. ಕುರಿ, ದನ ಮೇಯಿಸುತ್ತಿದ್ದವರ ಎದುರಿಗೆ ಉದ್ದಾನುದ್ದದ ಗೋಡೆ ಎದ್ದಿತು. ತಕರಾರು ಚೆನ್ನೈನ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಕು ಎನ್ನುವುದು ನಿಜ. ಆದರೆ ಸರ್ಕಾರಿ ಕಡತದಲ್ಲಿ ಹುಲ್ಲುಗಾವಲು ಎಂದರೆ ಖಾಲಿ ಜಾಗ, ವಿಮಾನ ನಿಲ್ದಾಣಕ್ಕೆ ಸಾವಿರ ಎಕರೆ ಸಮತಟ್ಟು ನೆಲ ಬೇಕೆಂದಾಗ ಅಧಿಕಾರಿಗಳ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ. ಕೃಷ್ಣಮೃಗ ಮೇಯುವ ಬಯಲು, ಕುರಿಗಾಹಿಯ ಬಾಳು ಎರಡನ್ನೂ ಕಾಂಕ್ರೀಟಿನಡಿ ಹಾಕಿ, ಪ್ರಕೃತಿ ತೋರಿಸುತ್ತೇವೆ ಬನ್ನಿ ಎಂದು ಪ್ರವಾಸಿಗರನ್ನು ಕರೆಯುವುದು ಸರಿಯಲ್ಲ. ಬಯಲುಸೀಮೆಯ ಸಹಜ ಸಂಪತ್ತು ಎಂದರೆ ಆ ಬಯಲೇ.

ನೇಪಾಳದ ಲುಕ್ಲಾ ಇಲ್ಲಿ ನೆನಪಾಗಬೇಕು. ಎವರೆಸ್ಟ್ ಏರಿದ ಎಡ್ಮಂಡ್ ಹಿಲರಿ 1964ರಲ್ಲಿ ಅಲ್ಲಿ ವಿಮಾನ ಇಳಿಯುವ ಪಟ್ಟಿ ಮಾಡಿಸಿದರು. ಸಮತಟ್ಟಾದ ಹೊಲಗಳ ಮೇಲೆ ಅವರಿಗೆ ಕಣ್ಣಿತ್ತು. ಉಳುವ ನೆಲ ಕೊಡಲು ರೈತರು ಒಪ್ಪಲಿಲ್ಲ. ಹಿಲರಿ ಗುಡ್ಡದ ಇಳಿಜಾರಿಗೆ ಹೋದರು. ಇಂದಿಗೂ ಅದರ ರನ್‌ವೇ 527 ಮೀಟರ್, ಸೋಗಾನೆಯದರ ಆರನೇ ಒಂದು ಪಾಲು. ಆದರೂ ಜಗತ್ತಿನ ಚಾರಣಿಗರೆಲ್ಲ ಅಲ್ಲಿಗೆ ಬರುತ್ತಾರೆ. ಏಕೆಂದರೆ ವಿಮಾನ ಇಳಿದು ಹೊರಗೆ ಕಾಲಿಟ್ಟರೆ ಎವರೆಸ್ಟಿನ ಬುಡಕ್ಕೆ ಹೋಗುವ ಕಾಲುದಾರಿ ಅಲ್ಲಿಂದಲೇ ಶುರು. ಹೊರೆ ಹೊರುವವರು, ದಾರಿ ತೋರುವವರು, ಚಹಾ ಅಂಗಡಿ, ರಾತ್ರಿ ತಂಗುವ ಮನೆ ಎಲ್ಲವೂ ಆ ಬಾಗಿಲಿನಲ್ಲೇ ಕಾದಿರುತ್ತವೆ.

ಸೋಗಾನೆಯಲ್ಲಿ ಇಳಿದವರಿಗೆ ಬೇಕಾದದ್ದೂ ಇದೇ. ಮೊದಲನೆಯದಾಗಿ ಬಸ್ಸು. ದೇವನಹಳ್ಳಿಯಲ್ಲಿ ಇಳಿದವರನ್ನು ಬೆಂಗಳೂರಿನೊಳಗೆ ಅಲೆದಾಡಿಸದೆ ನೇರ ಮೈಸೂರಿಗೆ ಒಯ್ಯಲು ಕೆಎಸ್‌ಆರ್‌ಟಿಸಿ 2013ರಲ್ಲಿ ಫ್ಲೈಬಸ್ ಶುರು ಮಾಡಿತು, ಅದು ಗೆದ್ದಿತು. ವಿಮಾನದ ವೇಳೆ ನೋಡಿಕೊಂಡು ಸೋಗಾನೆಯಿಂದ ಹೊರಟು ಹೊಳಲ್ಕೆರೆ, ಚಿತ್ರದುರ್ಗ, ಹಿರಿಯೂರು ಮುಟ್ಟುವ ಬಸ್ಸಿಗೆ ಎಕರೆಗಟ್ಟಲೆ ಭೂಮಿ ಬೇಡ, ನೂರಾರು ಕೋಟಿಯೂ ಬೇಡ. ವಿಮಾನ ತಡವಾದರೆ ಬಸ್ಸು ಕಾಯಬೇಕು, ಅಷ್ಟೇ. ಮಲೆನಾಡಿನ ಮಳೆ ಮಂಜಿನಲ್ಲಿ ತಡವಾಗುವುದು ಇದ್ದದ್ದೇ.

ಎರಡನೆಯದು ಮರಡಿಹಳ್ಳಿಯಂಥ ಕಡೆ ಮಾತಾಡಬಲ್ಲ ಮನುಷ್ಯರು. ಆ ಕಲ್ಲುಗಳು ತಾವಾಗಿ ಕಥೆ ಹೇಳುವುದಿಲ್ಲ. ಐಮಂಗಲ ಸುತ್ತಿನ ಓದಿದ ಹುಡುಗ ಹುಡುಗಿಯರಿಗೆ ಆರು ವಾರ ತರಬೇತಿ ಕೊಟ್ಟರೆ ಸಾಕು, ‘ಈ ದಿಂಬಿನ ಹೊಟ್ಟೆ ನೋಡಿ, ಇದರ ಬಾಲ ನೋಡಿ’ ಎಂದು ಕಲ್ಲಿನ ಮೇಲೆ ಕೈಯಿಟ್ಟು ತೋರಿಸಬಲ್ಲರು. ಗೈಡುಗಳ ಕೆಲಸ ಕೋಟೆಯಲ್ಲಿ ತಲೆಮಾರುಗಳಿಂದ ನಡೆದಿದೆ, ಊರಿಗೆ ಹೊಸದೇನಲ್ಲ. ಜೋಗಿಮಟ್ಟಿಯಲ್ಲಿ ಮಾತ್ರ ಅರಣ್ಯ ಇಲಾಖೆ ಕೈ ಬಿಗಿ ಹಿಡಿಯಲೇಬೇಕು. ದಿನಕ್ಕೆ ಇಷ್ಟೇ ವಾಹನ, ಕತ್ತಲಿಗೆ ಮೊದಲು ಎಲ್ಲರೂ ಕೆಳಗೆ, ಪ್ಲಾಸ್ಟಿಕ್ ಮೇಲಕ್ಕೆ ಹೋಗಕೂಡದು. ಮಾರಿಕಣಿವೆಯಲ್ಲಿ ರಾತ್ರಿ ಉಳಿಯುವವರಿಗೆ ಒಳ್ಳೆಯ ಕೋಣೆ, ಊರಿನ ಹೆಂಗಸರು ನಡೆಸುವ ಊಟದ ಮನೆ ಇದ್ದರೆ ಪ್ರವಾಸಿಗರ ದುಡ್ಡು ಹಿರಿಯೂರು, ಹೊಸದುರ್ಗದಲ್ಲೇ ಉಳಿಯುತ್ತದೆ. ನೇರ ರೈಲು ಬೇಗ ಓಡಲಿ ಎಂದು ಸಂಸದರು, ಶಾಸಕರು ದೆಹಲಿಯಲ್ಲಿ ಗಂಟಲು ಏರಿಸಬೇಕು. ವಿಮಾನದ ಮನವಿಪತ್ರ ಆಮೇಲೆ ಬರೆದರಾಯಿತು.

ಇದನ್ನೆಲ್ಲ ಶುರು ಮಾಡಲು ಮಳೆಗಾಲದ ಬೆನ್ನಿಗೆ ಬರುವ ತಿಂಗಳುಗಳೇ ಸರಿ. ಆಗ ಗುಡ್ಡ ಇನ್ನೂ ಹಸಿರಾಗಿರುತ್ತದೆ, ವೇದಾವತಿಯಲ್ಲಿ ನೀರಿರುತ್ತದೆ, ಬಿಸಿಲು ಹದವಾಗಿರುತ್ತದೆ. ದಸರಾ ರಜೆಗೆ ಸೋಗಾನೆಯಿಂದ ಮೊದಲ ಬಸ್ಸು ಹೊರಟರೆ ದುರ್ಗದ ಹೊರವಲಯದ ರಸ್ತೆ ಬದಿಯಲ್ಲಿ ಹೆಂಗಸರು ಗುಡ್ಡದಿಂದ ಆಯ್ದು ತಂದ ಸೀತಾಫಲವನ್ನು ಬುಟ್ಟಿಯಲ್ಲಿ ಪೇರಿಸಿಕೊಂಡು ಕೂತಿರುತ್ತಾರೆ. ಹೈದರಾಬಾದಿನಿಂದ ಹಾರಿ ಬಂದವರ ಬಸ್ಸು ಐದು ನಿಮಿಷ ಅಲ್ಲಿ ನಿಲ್ಲಲಿ.