ಅವಳಿ ಮಕ್ಕಳಿಗೆ ಎಂತಹ ಹೆಸರು?

ಮನೆಯಲ್ಲಿ ಒಂದು ತೊಟ್ಟಿಲು ಕಟ್ಟಿದರೇ ಹಬ್ಬ. ಎರಡು ತೊಟ್ಟಿಲು ಕಟ್ಟುವ ಭಾಗ್ಯ ಬಂದರೆ ಸಂಭ್ರಮಕ್ಕೆ ಎಣೆಯುಂಟೇ? ಅಜ್ಜಿ ಒಂದು ಜೋಡಿ ಹೆಸರು ಹೇಳುತ್ತಾರೆ, ಸೋದರಮಾವ ಇನ್ನೊಂದು ಜೋಡಿ ತರುತ್ತಾನೆ, ನೆರೆಮನೆಯವರು ಮತ್ತೊಂದನ್ನು ಸೂಚಿಸುತ್ತಾರೆ. ರಾಮ-ಲಕ್ಷ್ಮಣ, ಲವ-ಕುಶ, ಗಂಗಾ-ಯಮುನಾ, ರಮ್ಯಾ-ಸೌಮ್ಯಾ! ಕೇಳಲು ಬಲು ಇಂಪು. ಆದರೆ ತೊಟ್ಟಿಲ ಬಳಿ ನಿಂತು ಹೆಸರು ಕರೆಯುವವರು ನಾವು. ಅದನ್ನು ಬಾಳಿನುದ್ದಕ್ಕೂ ಹೊತ್ತು ನಡೆಯುವವರು ಆ ಮಕ್ಕಳು. ಆದುದರಿಂದ ಅವಳಿಗಳ ಹೆಸರು ಕಿವಿಗೆ ಜೋಡಿಯಾಗಿ ಕೇಳಿಸುವುದಕ್ಕಿಂತ ಇಬ್ಬರನ್ನೂ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸುವುದು ಮುಖ್ಯವೆಂದು ನನ್ನ ಅಭಿಪ್ರಾಯ.

ಒಂದೇ ಅಕ್ಷರದಿಂದ ತೊಡಗುವ ಹೆಸರುಗಳು ಅವಳಿಗಳಿಗೆ ಬರಲು ಬರಿಯ ಪ್ರಾಸದ ಮೋಹ ಕಾರಣವಲ್ಲ. ಪಂಚಾಂಗದ ಕ್ರಮದಲ್ಲಿ ನಕ್ಷತ್ರವೊಂದಕ್ಕೆ ನಾಲ್ಕು ಪಾದ, ಪಾದಕ್ಕೊಂದು ಅಕ್ಷರ. ಚಂದ್ರನು ಒಂದು ನಕ್ಷತ್ರವನ್ನು ದಾಟಲು ಸುಮಾರು ಒಂದು ದಿನ ಬೇಕು. ಅಂದರೆ ಒಂದು ಪಾದಕ್ಕೆ ಸುಮಾರು ಆರು ಗಂಟೆ. ಕೆಲವೇ ನಿಮಿಷಗಳ ಅಂತರದಲ್ಲಿ ಹುಟ್ಟುವ ಅವಳಿಗಳಿಗೆ ಹೆಚ್ಚಾಗಿ ಒಂದೇ ಪಾದ, ಒಂದೇ ಅಕ್ಷರ ದೊರೆಯುತ್ತದೆ. ರೋಹಿಣಿಯ ಎರಡನೆಯ ಪಾದವಾದರೆ 'ವ'ಕಾರ. ಕೂಡಲೇ ವನಜಾ-ವನಿತಾ ಸಿದ್ಧ!

ಮನೆಯೊಳಗೆ ಇದರಿಂದ ತೊಂದರೆಯಿಲ್ಲ. ಹೆತ್ತ ತಾಯಿಗೆ ಗುರುತು ತಪ್ಪೀತೇ? ತೊಂದರೆ ಇರುವುದು ಹೊಸಿಲು ದಾಟಿದ ಮೇಲೆ. ಸಾಮಾನ್ಯವಾಗಿ ಅಣ್ಣತಮ್ಮಂದಿರನ್ನು ಜನ್ಮದಿನಾಂಕದಿಂದಲಾದರೂ ಬೇರೆಯಾಗಿ ಗುರುತಿಸಬಹುದು. ಅವಳಿಗಳಿಗೆ ತಂದೆ ಒಬ್ಬರೇ, ತಾಯಿ ಒಬ್ಬರೇ, ಮನೆ ಒಂದೇ, ಹುಟ್ಟಿದ ತಾರೀಕೂ ಬಹುಮಟ್ಟಿಗೆ ಒಂದೇ. ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ ಅವರನ್ನು ಬೇರ್ಪಡಿಸುವುದು ಮೊದಲಿಗೆ ಹೆಸರೊಂದೇ. ಆ ಹೆಸರೇ ಒಂದು ಅಕ್ಷರದ ಅಂತರದಲ್ಲಿ ನಿಂತರೆ ಒಬ್ಬನ ಅಂಕ ಇನ್ನೊಬ್ಬನ ಸಾಲಿಗೆ, ಒಬ್ಬಳ ಔಷಧಿಚೀಟಿ ಇನ್ನೊಬ್ಬಳ ಕೈಗೆ ಹೋಗಲು ಎಷ್ಟು ಹೊತ್ತು?

ಗಡಿನಾಡಿನವರಾದ ನಾವು ಇನ್ನೂ ಒಂದು ವಿಷಯವನ್ನು ಗಮನಿಸಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ನಮ್ಮ ಮಕ್ಕಳ ಹೆಸರು ಮನೆಯಲ್ಲಿ ಹಾಗೂ ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ, ಪ್ರಮಾಣಪತ್ರದಲ್ಲಿ ಇಂಗ್ಲಿಷ್, ಹೀಗೆ ಮೂರು ಲಿಪಿಗಳಲ್ಲಿ ಸಂಚರಿಸಬೇಕು. ಚೇತನ ಮತ್ತು ಚೇತನಾ ಎಂದು ಅಣ್ಣ-ತಂಗಿಯರಿಗೆ ಹೆಸರಿಟ್ಟರೆ ಕನ್ನಡದಲ್ಲಿ ಒಂದು ದೀರ್ಘದ ವ್ಯತ್ಯಾಸವಾದರೂ ಉಳಿಯುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಅದೂ ಮಾಯವಾಗಬಹುದು. 'ಶ'ಕಾರವನ್ನು ಒಬ್ಬ ಗುಮಾಸ್ತರು 'ಎಸ್' ಎಂದು ಬರೆದರೆ ಇನ್ನೊಬ್ಬರು 'ಎಸ್ ಎಚ್' ಎನ್ನುತ್ತಾರೆ. ತಂದೆ ಈಶ್ವರನ ಹೆಸರನ್ನು ಒಂದು ಮಗುವಿನ ಅರ್ಜಿಯಲ್ಲಿ 'ಇ' ಎಂಬ ಇಂಗ್ಲಿಷ್ ಅಕ್ಷರದಿಂದಲೂ ಮತ್ತೊಂದರಲ್ಲಿ 'ಐ' ಎಂಬುದರಿಂದಲೂ ತೊಡಗಿಸಿದರೆ, ಒಡಹುಟ್ಟಿದ ಅವಳಿಗಳು ಕಾಗದದ ಮೇಲೆ ಬೇರೆ ಬೇರೆ ತಂದೆಯ ಮಕ್ಕಳಂತೆ ಕಾಣುತ್ತಾರೆ! ಮಕ್ಕಳ ಹೆಸರು ಬೇರೆ ಬೇರೆಯಾಗಿರಬೇಕು. ತಂದೆತಾಯಿಯರ ಹೆಸರು ಮಾತ್ರ ಎರಡರಲ್ಲೂ ಅಕ್ಷರಶಃ ಒಂದೇ ಆಗಿರಬೇಕು.

"ಜೋಡಿ ಹೆಸರು ನಮ್ಮ ಸಂಪ್ರದಾಯವಲ್ಲವೇ?" ಎಂದು ಹಿರಿಯರು ಕೇಳಬಹುದು. ಸಂಪ್ರದಾಯವನ್ನೇ ನೋಡೋಣ. ರಾಮಾಯಣದಲ್ಲಿ ರಾಮ-ಲಕ್ಷ್ಮಣರು ಅವಳಿಗಳೇ ಅಲ್ಲ. ರಾಮನು ಕೌಸಲ್ಯೆಯ ಮಗ. ಲಕ್ಷ್ಮಣನ ಅವಳಿ ಶತ್ರುಘ್ನ. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪ್ರಸಂಗಗಳನ್ನು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ತಿಳಿದ ಸಂಗತಿ. ಲಕ್ಷ್ಮಣ, ಶತ್ರುಘ್ನ ಎಂಬೀ ಹೆಸರುಗಳಲ್ಲಿ ಪ್ರಾಸವೆಲ್ಲಿದೆ? ಮಾದ್ರಿಯ ಅವಳಿಗಳು ನಕುಲ, ಸಹದೇವ, ಅಲ್ಲಿಯೂ ಇಲ್ಲ. ತುಳುನಾಡಿನ ಗರಡಿಗಳಲ್ಲಿ ಆರಾಧನೆಗೊಳ್ಳುವ ಕೋಟಿ-ಚೆನ್ನಯರು ದೇಯಿ ಬೈದ್ಯೆತಿಯ ಅವಳಿ ಮಕ್ಕಳು. ಹುಟ್ಟಿನಿಂದ ಸಾವಿನವರೆಗೆ ಜೊತೆಯಾಗಿಯೇ ಇದ್ದವರು. ಆದರೂ ಕೋಟಿಯ ಹೆಸರನ್ನು ಚೆನ್ನಯನ ಹೆಸರೆಂದು ಯಾರೂ ತಪ್ಪಿ ಕೇಳಿಸಿಕೊಳ್ಳಲಾರರು. ಅವರ ಒಗ್ಗಟ್ಟಿಗೆ ಹೆಸರಿನ ಪ್ರಾಸ ಬೇಕಾಗಲಿಲ್ಲ.

ಈ ಮೋಹ ಒಂದು ಮತದವರದು ಮಾತ್ರವಲ್ಲ. ಮುಸ್ಲಿಂ ಮನೆಗಳಲ್ಲಿ ಅವಳಿ ಗಂಡುಮಕ್ಕಳಿಗೆ ಹಸನ್, ಹುಸೈನ್ ಎಂಬ ಹೆಸರುಗಳು ಪ್ರಿಯ. ಪ್ರವಾದಿಯವರ ಆ ಮೊಮ್ಮಕ್ಕಳು ಅವಳಿಗಳಾಗಿರಲಿಲ್ಲ. ಕ್ರೈಸ್ತರಲ್ಲಿ ಪ್ರಚಲಿತವಾದ ತೋಮಸ್ ಎಂಬ ಹೆಸರಿಗಂತೂ ಅರಮಾಯಿಕ್ ಭಾಷೆಯಲ್ಲಿ 'ಅವಳಿ' ಎಂದೇ ಅರ್ಥ. ಇವೆಲ್ಲ ಗೌರವದ ಹೆಸರುಗಳು. ಇಡಬಾರದೆಂದು ಯಾರೂ ಹೇಳಲಾರರು. ಇಡುವಾಗ ಜೊತೆಗೆ ಇನ್ನೊಂದು ಸ್ಪಷ್ಟವಾದ ಹೆಸರನ್ನು ಸೇರಿಸಿದರೆ ಭಕ್ತಿಯೂ ಉಳಿಯಿತು, ಗುರುತೂ ಉಳಿಯಿತು.

ಹಾಗಾದರೆ ಪೋಷಕರು ಮಾಡಬೇಕಾದುದೇನು? ನಮ್ಮ ನಾಮಕರಣದಲ್ಲಿಯೇ ಇದಕ್ಕೆ ದಾರಿಯಿದೆ. ನಕ್ಷತ್ರನಾಮ ಬೇರೆ, ವ್ಯಾವಹಾರಿಕ ನಾಮ ಬೇರೆ. ನಕ್ಷತ್ರದ ಅಕ್ಷರದ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಿ, ವ್ಯವಹಾರಕ್ಕೆ ಬೇರೆ ಬೇರೆ ಅಕ್ಷರದ ಹೆಸರನ್ನು ಆರಿಸಬಹುದು. ತಂದೆಯ ಕಡೆಯ ಹಿರಿಯರ ಹೆಸರು ಒಂದಕ್ಕೆ, ತಾಯಿಯ ಕಡೆಯದು ಇನ್ನೊಂದಕ್ಕೆ ಇಟ್ಟರೆ ಎರಡು ಮನೆತನಗಳಿಗೂ ಏಕಕಾಲಕ್ಕೆ ಸಂತೋಷ. ಆರಿಸಿದ ಹೆಸರುಗಳನ್ನು ಮೂರು ಲಿಪಿಗಳಲ್ಲಿಯೂ ಒಮ್ಮೆ ಬರೆದು ನೋಡಿರಿ. ಅಂಗಳದಿಂದ ಗಟ್ಟಿಯಾಗಿ ಕೂಗಿಯೂ ನೋಡಿರಿ. ಒಬ್ಬರನ್ನು ಕರೆದರೆ ಇಬ್ಬರೂ ಓಡಿ ಬರುವಂತಿದ್ದರೆ ಬೇರೆ ಹೆಸರು ಹುಡುಕುವುದೇ ಲೇಸು.

ಅವಸರವೂ ಬೇಡ. 1969ರ ಜನನ-ಮರಣ ನೋಂದಣಿ ಕಾಯಿದೆಯಂತೆ ಜನನವನ್ನು 21 ದಿನಗಳೊಳಗೆ ತಿಳಿಸಬೇಕು. ಹೆಸರು ನಿಶ್ಚಯವಾಗದಿದ್ದರೆ ಅನಂತರವೂ ಸೇರಿಸಬಹುದು, ಒಂದು ವರ್ಷದವರೆಗೆ ಅದಕ್ಕೆ ಶುಲ್ಕವಿಲ್ಲ. ಅವಳಿಗಳಾದರೆ ಮಗುವಿಗೊಂದರಂತೆ ಪ್ರತ್ಯೇಕ ನಮೂನೆ ತುಂಬಿ, ಅವಳಿ ಜನನವೆಂದು ಷರಾ ಬರೆಯಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು ಜನನ ಪ್ರಮಾಣಪತ್ರವೇ ಜನ್ಮದಿನಾಂಕಕ್ಕೆ ಆಧಾರ. ಅದರಲ್ಲಿ ಬಿದ್ದ ಒಂದು ತಪ್ಪಕ್ಷರವನ್ನು ತಿದ್ದಿಸಲು ಮುಂದೆ ಎಷ್ಟು ಮೆಟ್ಟಿಲು ಹತ್ತಬೇಕಾದೀತೋ!

ವಿದ್ಯಾರ್ಥಿಗಳೇ, ನಿಮಗೂ ಒಂದು ಮಾತು. ನಿಮ್ಮ ತರಗತಿಯಲ್ಲಿ ಅವಳಿಗಳಿದ್ದರೆ 'ಅವಳಿ'ಗಳೆಂದೇ ಕರೆಯಬೇಡಿರಿ; ಅವರವರ ಹೆಸರನ್ನು ಕಲಿತು ಕರೆಯಿರಿ. ಒಬ್ಬನಿಗೆ ಗಣಿತ ಒಲಿದರೆ ಇನ್ನೊಬ್ಬನಿಗೆ ಹಾಡು ಒಲಿದೀತು. "ನಿನ್ನ ತಮ್ಮನಿಗೆ ಇಷ್ಟು ಅಂಕ, ನಿನಗೇಕಿಲ್ಲ?" ಎಂಬ ಪ್ರಶ್ನೆಯನ್ನು ಹಿರಿಯರೂ ಕೇಳದಿರಲಿ. ಒಂದೇ ಬಳ್ಳಿಯ ಎರಡು ಹೂಗಳಾದರೂ ಒಂದೊಂದಕ್ಕೂ ತನ್ನದೇ ಅರಳುವ ಹೊತ್ತಿದೆ. ಜೋಡಿಯಾಗಿ ಹುಟ್ಟಿದ್ದು ದೈವದ ಕೊಡುಗೆ. ತನ್ನದೇ ಆದ ಹೆಸರಿನಿಂದ ಬಾಳುವ ಅವಕಾಶ ಹೆತ್ತವರು ಕೊಡಬೇಕಾದ ಕೊಡುಗೆ.