ಥೆರಪಿ ಕೋಣೆಯ ಹೊರಗೆ ಚಪ್ಪಲಿ ಬಿಡಿಸಿ, ಬ್ಯಾರಿ ಬಿಡಿಸಬೇಡಿ

ತಂಗಿಯ ಮಗನಿಗೆ ಮೂರೂವರೆ ವರ್ಷವಾದರೂ ಮಾತು ಬಂದಿರಲಿಲ್ಲ. ನಾಲ್ಕೈದು ಶಬ್ದ, ಅಷ್ಟೆ. ಭಾವ ಗಲ್ಫಿನಲ್ಲಿ. ಹಾಗಾಗಿ ಉಪ್ಪಳದಿಂದ ಮಂಗಳೂರಿಗೆ ನಾನೇ ಕರೆದುಕೊಂಡು ಹೋದೆ. ಥೆರಪಿಸ್ಟ್ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾದ ಹುಡುಗಿ, ನಮ್ಮ ಕಡೆಯವಳೇ. ಹೊರಗೆ ತಂಗಿಯ ಹತ್ತಿರ ಬ್ಯಾರಿಯಲ್ಲಿ ಊರು, ಮನೆ ಎಲ್ಲ ವಿಚಾರಿಸಿದವಳು ಒಳಗೆ ಹೋದ ಕೂಡಲೇ ಇಂಗ್ಲಿಷ್ ಕಾರ್ಡ್ ಹಿಡಿದಳು. ಕೊನೆಗೆ ಹೇಳಿದ್ದು: "ಮಗುವಿಗೆ ಕನ್‌ಫ್ಯೂಸ್ ಆಗ್ತದೆ. ಮನೆಯಲ್ಲಿ ಬ್ಯಾರಿ ನಿಲ್ಲಿಸಿ. ಒಂದೇ ಭಾಷೆ ಸಾಕು, ಶಾಲೆಯದ್ದು."

ತಂಗಿ ಅಕ್ಷರಶಃ ಪಾಲಿಸಿದಳು. ಅವಳ ಇಂಗ್ಲಿಷ್ ಎಂದರೆ ಕಮ್, ಸಿಟ್, ವಾಟರ್. ಅದು ಮುಗಿದ ಮೇಲೆ ಮಗನ ಹತ್ತಿರ ಮಾತಾಡಲು ಅವಳಲ್ಲಿ ಏನೂ ಉಳಿಯಲಿಲ್ಲ. ದಿನವಿಡೀ ಅವನನ್ನು ಎತ್ತಿಕೊಂಡು ಕೋಳಿ, ಬೆಕ್ಕು ತೋರಿಸುತ್ತ ಹರಟುತ್ತಿದ್ದ ನಮ್ಮ ಉಮ್ಮನಿಗೂ ಬಾಯಿ ಮುಚ್ಚಲು ಹೇಳಿದೆವು. ಮೂರು ತಿಂಗಳು. ಮಾತು ತಡವಾದ ಮಗುವಿನ ಸುತ್ತ ಇದ್ದ ಮಾತನ್ನೆಲ್ಲ ನಾವೇ ಫೀಸು ಕೊಟ್ಟು ನಿಲ್ಲಿಸಿದ್ದೆವು.

ಮಕ್ಕಳ ಥೆರಪಿಗೆ ಈಗ ತಾನೇ ಇಳಿಯುತ್ತಿರುವವರೇ, ಈ ಬರಹ ನಿಮಗೆ. ಎರಡು ಭಾಷೆಯಿಂದ ಮಾತು ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಕೆನಡಾದಲ್ಲಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆಯ ಮಕ್ಕಳು ಒಂದೇ ಭಾಷೆಯವರಿಗಿಂತ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ, ಮಧ್ಯೆ ಬಾಯಿ ಹಾಕಲು ನೀನು ಯಾರು ಎನ್ನಬಹುದು. ನಮಗೆ ಮೊದಲ ವರ್ಷ ಕಲಿಸಿದ್ದು ಒಂದು ಸಂಗತಿ: ವರ್ನಿಯರ್ ಹಿಡಿದರೆ ಅಳೆಯುವ ಮುಂಚೆ ಝೀರೋ ಎರರ್ ನೋಡು. ಇಲ್ಲದಿದ್ದರೆ ತಪ್ಪು ಉಪಕರಣದ್ದು, ರಿಜೆಕ್ಟ್ ಆಗುವುದು ಕೆಲಸದ ತುಂಡು.

ನಿಮ್ಮ ಉಪಕರಣದಲ್ಲೂ ಅಂಥದ್ದಿದೆ. ನಮ್ಮ ಬ್ಯಾರಿಯಲ್ಲಿ ಣ-ನ ಭೇದವಿಲ್ಲ, ಳ-ಲ ಭೇದವೂ ಇಲ್ಲ. ಮಲಯಾಳದಲ್ಲಿ ವ ಇರುವ ಎಷ್ಟೋ ಶಬ್ದಗಳ ಮೊದಲಿಗೆ ನಮ್ಮಲ್ಲಿ ಬ ಬರುತ್ತದೆ. ಕನ್ನಡದ ಅಥವಾ ಮಲಯಾಳದ ಉಚ್ಚಾರ ಪರೀಕ್ಷೆ ಮುಂದಿಟ್ಟು ಬ್ಯಾರಿ ಮನೆಯ ಮಗು 'ನ' ಎಂದಾಗ ತಪ್ಪು ಗುರುತು ಹಾಕಿದರೆ, ಆ ಮಗುವಿನ ಉಮ್ಮ, ಅಜ್ಜ, ಇಡೀ ಓಣಿಯೇ ಥೆರಪಿಗೆ ಬರಬೇಕು!

ನಮ್ಮ ಕಾಸರಗೋಡಿನಲ್ಲಿ ಇದು ಒಂದು ಮನೆಯ ಕಥೆಯಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಎಣ್ಮಕಜೆಯಂಥ ಊರುಗಳಲ್ಲಿ ಮನೆಮಾತು ತುಳು, ಕನ್ನಡ, ಬ್ಯಾರಿ, ಮರಾಠಿ. ಅಲ್ಲಿನ ಮಕ್ಕಳಿಗೆ ಬರುವ ಫಾರ್ಮು, ತರಬೇತಿ, ಸೂಚನೆ ಹೆಚ್ಚಾಗಿ ಮಲಯಾಳದಲ್ಲಿ. "ಕಾಲು ಚಾಚು" ಎಂದದ್ದು ಅರ್ಥವಾಗದೆ ಸುಮ್ಮನೆ ಕೂತ ಮಗುವಿನ ಫೈಲಿನಲ್ಲಿ ಸಹಕರಿಸುವುದಿಲ್ಲ ಎಂದು ಬರೆದರೆ ಅದು ಯಾರ ಅಂಗವೈಕಲ್ಯ?

ಆ ಹುಡುಗಿಯೊಬ್ಬಳ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ತಿಂಗಳುಗಳ ನಂತರ ಕೇಳಿದಾಗ "ನಮಗೆ ಹೀಗೇ ಹೇಳಿಕೊಟ್ಟದ್ದು" ಎಂದಳು. ಒಂದರ ಹಿಂದೆ ಒಂದು ಮಗು, ನೀರು ಕುಡಿಯಲೂ ಪುರುಸೊತ್ತಿಲ್ಲ, ಸಂಬಳ ಕೇಳಿದರೆ ನಮ್ಮ ಅಂಗಡಿಯ ಹುಡುಗ ನಗುತ್ತಾನೆ. ನಮ್ಮವರೂ ಕಡಿಮೆಯಿಲ್ಲ. ಬ್ಯಾರಿ ಬಿಡಿ ಎಂದರೆ ಒಳಗೊಳಗೇ ಖುಷಿಪಡುವ ತಂದೆಯರನ್ನು ಆ ವರಾಂಡದಲ್ಲೇ ಕಂಡಿದ್ದೇನೆ. ಮಗು ಏನೂ ಮಾತಾಡದಿದ್ದರೂ ಇಂಗ್ಲಿಷಿನಲ್ಲೇ ಮಾತಾಡದಿರಲಿ ಎಂಬಂತೆ.

ಆದರೆ ನಿಮಗೆ ಬ್ಯಾರಿ ಬರುತ್ತದಲ್ಲ. ಮೈಸೂರಿನಲ್ಲಿ, ಮಂಗಳೂರಿನಲ್ಲಿ ಓದಿದ ಎಷ್ಟೋ ಮಂದಿಗೆ ಇಲ್ಲದ ಉಪಕರಣ ಅದು. ಅದನ್ನು ಚಪ್ಪಲಿಯಂತೆ ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗುವುದು ಯಾಕೆ? ಬಪ್ಪನ ಅಂಗಡಿಗೆ ಉರ್ದುವಿನವರು ಬಂದರೆ ಉರ್ದು, ತುಳುವಿನವರು ಬಂದರೆ ತುಳು. ಅವರು ಇದಕ್ಕೆ ಯಾವ ಕೋರ್ಸೂ ಮಾಡಿಲ್ಲ. ಅಕ್ಕಿ ಮಾರಲು ಇಷ್ಟು ಬೇಕಾದರೆ ಮಾತು ಕಲಿಸಲು?

ಬರದ ಭಾಷೆಯ ಮಗು ಬಂದರೆ ಮೊದಲ ದಿನ ಕಾರ್ಡು ತೆಗೆಯಬೇಡಿ. ನೀರು, ನೋವು, ಬೇಡ, ಇನ್ನೂ ಬೇಕು, ಹೊರಗೆ ಹೋಗೋಣ, ಇಂಥ ಇಪ್ಪತ್ತು ಮಾತು ಮನೆಯಲ್ಲಿ ಹೇಗೆ ಹೇಳುತ್ತೀರಿ ಎಂದು ತಾಯಿಯಿಂದ ಕೇಳಿ ಬರೆದುಕೊಳ್ಳಿ. ಅಜ್ಜಿ ಬಂದಿದ್ದರೆ ಹೊರಗೆ ಬೆಂಚಿನಲ್ಲಿ ಕೂರಿಸಬೇಡಿ, ಒಳಗೆ ಕರೆಯಿರಿ.

ನಮ್ಮ ಮನೆಯಲ್ಲಿ ಉಮ್ಮ ಮತ್ತೆ ಹರಟುತ್ತಿದ್ದಾರೆ. ಅಳಿಯನಿಗೆ ಇನ್ನೂ ವಾಕ್ಯ ಬಂದಿಲ್ಲ. ಥೆರಪಿ ಮುಂದುವರಿದಿದೆ, ವಾರಕ್ಕೆರಡು ದಿನ, ಅದೇ ಹುಡುಗಿಯ ಹತ್ತಿರ. ಈಗ ಅವಳು ಅವನ ಜೊತೆ ಬ್ಯಾರಿಯಲ್ಲೇ ಶುರು ಮಾಡುತ್ತಾಳೆ, ಬಾಗಿಲು ಹಾಕಿಕೊಂಡು, ಹೊರಗಿನವರಿಗೆ ಕೇಳಿಸದ ಹಾಗೆ.